ಕೊರೆಯುವ ಮೊದಲೇ ಕಂಡ ತಳ

ಪ್ಲಾಸ್ಟಿಕ್ಕಿನ ಮೇಲೆ ಲೇಸರ್ ಬಿಟ್ಟು ಕೊರೆಯುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ನಿಮ್ಮ ಕಾಲದಾಗ ಎಷ್ಟು ಸಣ್ಣ ಗೆರಿ ಕೊರೀತಿದ್ರಿ?" ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಣ್ಣ ಗೆರೆಯನ್ನು ಯಾರು ಬೇಕಾದರೂ ಕೊರೆದಾರು. ಆ ಗೆರೆಯ ತಳ ದುಂಡಗಿರುತ್ತದೋ ಚೂಪಾಗಿರುತ್ತದೋ, ಎಲ್ಲಿ ಆಳ, ಎಲ್ಲಿ ದಿಬ್ಬ ಎಂಬುದನ್ನು ಕೊರೆಯುವ ಮೊದಲೇ ಕಾಗದದ ಮೇಲೆ ಬರೆದು ತೋರಿಸಿ, ಆಮೇಲೆ ಮಾತಾಡೋಣ. ನಾವು ಬರೆದು ತೋರಿಸಿದ್ದೆವು. ಅದೂ ಶಹಾಬಾದಿನಲ್ಲಿ, ತಗಡಿನ ಛಾವಣಿಯ ಕೆಳಗೆ, ಕಲ್ಲಿನ ಪುಡಿ ಊಟದ ಡಬ್ಬಿಯೊಳಗೂ ಬಂದು ಕೂರುವ ಊರಿನಲ್ಲಿ. ಇದನ್ನು ಹೇಳುವಾಗ ನಾನು ಸಂಕೋಚಪಡುವುದಿಲ್ಲ.

ನನ್ನೂರು ಚಿತ್ತಾಪುರ ತಾಲ್ಲೂಕಿನ ದಂಡೋತಿ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗಲೇ ಶಹಾಬಾದಿನ ಒಂದು ಕಾರ್ಖಾನೆಯ ಕೊರೆಯುವ ವಿಭಾಗಕ್ಕೆ ಸೇರಿದೆ. ವಿಭಾಗ ಎಂದರೆ ದೊಡ್ಡದೇನೂ ಅಲ್ಲ, ಮೂಲೆಯ ಒಂದು ಕೋಣೆ. ಮೋಟಾರುಗಳ ಮೇಲೆ ಕೂರಿಸುವ ಕರಿ ಪ್ಲಾಸ್ಟಿಕ್ಕಿನ ಹೆಸರುಪಟ್ಟಿಗಳಲ್ಲಿ ಅಕ್ಷರ ಕೊರೆಯುವುದು ನಮ್ಮ ಕೆಲಸ. ಯಂತ್ರದ ಒಂದು ತುದಿಯ ಮೊಳೆಯನ್ನು ದೊಡ್ಡ ಮಾದರಿ ಅಕ್ಷರದ ಮೇಲೆ ಓಡಿಸಿದರೆ, ಇನ್ನೊಂದು ತುದಿಯಲ್ಲಿ ತಿರುಗುವ ಸೂಜಿ ಅದೇ ಅಕ್ಷರವನ್ನು ಚಿಕ್ಕದಾಗಿ ಕೊರೆಯುತ್ತಿತ್ತು. ಕಲಿಸಿದವರು ಸೇಡಂ ಕಡೆಯ ಗುರುಲಿಂಗಪ್ಪ ಮೇಸ್ತ್ರಿ. ಗಟ್ಟಿ ಆಳು, ಗಟ್ಟಿ ಗಂಟಲು. ಕೊರೆದ ಅಕ್ಷರದ ಮೇಲೆ ಹೆಬ್ಬೆರಳಿನ ಉಗುರು ಎಳೆದು "ಪಾಸ್" ಎನ್ನುವರು, ಇಲ್ಲವೇ ಪಟ್ಟಿಯನ್ನು ಮುರಿದು ಬುಟ್ಟಿಗೆ ಹಾಕುವರು.

ನಾನು ಸೇರಿದ ಹೊಸತರಲ್ಲೇ ಕೇಳಿದ್ದೆ: "ಮೇಸ್ತ್ರಿ, ಇದರ ತಳ ಹೆಂಗ ಬರ್ತದ ಅಂತ ಮೊದಲ ಗೊತ್ತು ಮಾಡ್ಕೊಳ್ಳಾಕ ಬರಂಗಿಲ್ಲೇನ್ರಿ?"

"ಕೊರದ ಮ್ಯಾಲ ನೋಡು, ಗೊತ್ತಾಗ್ತದ" ಎಂದರು.

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆಗ ಲೋಕವೆಲ್ಲ ಹಾಗೆಯೇ ಕೆಲಸ ಮಾಡುತ್ತಿತ್ತು. ಆದರೆ ಆ ಉತ್ತರ ನನಗೆ ಒಗ್ಗಲಿಲ್ಲ. ಕೊರೆದ ಮೇಲೆ ನೋಡುವುದಾದರೆ ನನ್ನ ಕೆಲಸಕ್ಕೂ ಜೂಜಿಗೂ ಏನು ವ್ಯತ್ಯಾಸ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಕೆಲವು ವರ್ಷಗಳ ನಂತರ ಅಕ್ರಿಲಿಕ್ ಬಂತು. ಗಾಜಿನಂತೆ ಕಾಣುವ, ಗಾಜಿನಂತೆ ಒಡೆಯದ ಹಾಳೆ. ಎಲ್ಲರಿಗೂ ಖುಷಿ. ಅದನ್ನು ಮೊದಲ ಸಲ ಯಂತ್ರಕ್ಕೆ ಹಾಕಿದ್ದು ಮೇ ತಿಂಗಳಲ್ಲಿ. ನಮ್ಮ ಕಡೆಯ ಮೇ ತಿಂಗಳು ಹೇಗಿರುತ್ತದೆ ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಸೂಜಿ ಮುಂದೆ ಹೋಗುತ್ತಿದ್ದಂತೆ ಹಿಂದೆ ಪುಡಿ ಕರಗಿ ಗೆರೆಯನ್ನೇ ತುಂಬಿಬಿಟ್ಟಿತು. ನಾವು ಬೆವರು ಸುರಿಸಿ ಕೊರೆದದ್ದು ನಮ್ಮ ಕಣ್ಣೆದುರೇ ಮುಚ್ಚಿಹೋಯಿತು. ಮೇಸ್ತ್ರಿ ಸಾಬೂನಿನ ನೀರನ್ನು ಹನಿ ಹನಿಯಾಗಿ ಬಿಡುವ ಏರ್ಪಾಡು ಮಾಡಿದ ಮೇಲೆ ಕೆಲಸ ಹಳಿಗೆ ಬಂತು. ಪ್ಲಾಸ್ಟಿಕ್ಕಿನ ಕೆಲಸದಲ್ಲಿ ಸೂಜಿಗಿಂತ ಬಿಸಿಯ ಆಟವೇ ಹೆಚ್ಚು ಎಂಬ ಪಾಠ ಆಗ ಸಿಕ್ಕಿತು.

ಎರಡನೆಯ ಪಾಠ ಸಿಕ್ಕಿದ್ದು ಗಾಳಿ ತಟ್ಟೆಗಳಿಂದ. ಆ ಕಾಲದ ಸಿಮೆಂಟ್ ಕಾರ್ಖಾನೆಗಳಲ್ಲಿ ಧೂಳು ಹೊಕ್ಕು ವಿದ್ಯುತ್ತಿನ ಸ್ವಿಚ್ಚುಗಳು ಪದೇ ಪದೇ ಕೈಕೊಡುತ್ತಿದ್ದವು. ಅದಕ್ಕೆ ಬದಲಾಗಿ ಗಾಳಿಯಿಂದಲೇ ನಡೆಯುವ ಒಂದು ಏರ್ಪಾಡಿತ್ತು. ಅಂಗೈ ಅಗಲದ ಅಕ್ರಿಲಿಕ್ ತಟ್ಟೆಯಲ್ಲಿ ಸಣ್ಣ ಸಣ್ಣ ಕಾಲುವೆ ಕೊರೆದು, ಮೇಲೊಂದು ಮುಚ್ಚಳ ಕೂರಿಸಿ, ಒಳಗೆ ಗಾಳಿ ಹಾಯಿಸುವುದು. ಒಂದು ಕಾಲುವೆಯ ಗಾಳಿ ಇನ್ನೊಂದರ ಗಾಳಿಯನ್ನು ತಳ್ಳಿದರೆ ಯಂತ್ರದ ಬಾಗಿಲು ತೆರೆಯುತ್ತದೆ, ತಳ್ಳದಿದ್ದರೆ ಮುಚ್ಚುತ್ತದೆ. ಕಾಲುವೆಯ ತಳ ನಯವಾಗಿದ್ದು ಆಕಾರ ಸರಿಯಾಗಿದ್ದರೆ ಮಾತ್ರ ಗಾಳಿ ಹೇಳಿದ ಮಾತು ಕೇಳುತ್ತದೆ. ಇಂಥ ತಟ್ಟೆಗಳ ಮೊದಲ ಪೆಟ್ಟಿಗೆಯನ್ನು ವಾಡಿಯ ಸಿಮೆಂಟ್ ಕಾರ್ಖಾನೆಗೆ ಕಳಿಸುವ ಮೊದಲು, ಆಗಿನ ನಮ್ಮ ಸಾಹೇಬರೊಬ್ಬರು ಎಲ್ಲವನ್ನೂ ಸ್ಪಿರಿಟ್ ಹಚ್ಚಿ ಒರೆಸಿ ಫಳಫಳ ಮಾಡಿಸಿದರು. ಇಲ್ಲಿ ಕಟ್ಟುವಾಗ ಕನ್ನಡಿಯಂತಿದ್ದವು. ವಾಡಿಯಲ್ಲಿ ಬಿಚ್ಚಿದಾಗ ಪ್ರತಿ ಕಾಲುವೆಯ ಅಂಚಿನಲ್ಲೂ ಜೇಡರ ಬಲೆಯಂಥ ಬಿರುಕು. ಕೊರೆಯುವಾಗಿನ ಬಿಸಿ ಅಂಚಿನಲ್ಲಿ ಬಿಗಿತ ಉಳಿಸಿಹೋಗಿರುತ್ತದೆ, ಸ್ಪಿರಿಟ್ ತಾಗಿದ ಕೂಡಲೇ ಅದು ಬಿರಿಯುತ್ತದೆ. ಅಂದಿನಿಂದ ಕೊರೆದ ತಟ್ಟೆಗಳನ್ನು ಹದವಾಗಿ ಕಾಸಿ, ಮೆಲ್ಲಗೆ ಆರಿಸಿ, ಬರೀ ನೀರಿನಿಂದ ಒರೆಸುತ್ತಿದ್ದೆವು. ಆ ಸಾಹೇಬರು ಮಾತ್ರ ಬಹಳ ದಿನ ವಾಡಿ ಕಡೆ ಮುಖ ಹಾಕಲಿಲ್ಲ.

ಎಂಬತ್ತರ ದಶಕ ಅರ್ಧ ಕಳೆದಿರಬೇಕು, ಮುಂಬೈಯ ಕಂಪನಿಯೊಂದರಿಂದ ಲೇಸರ್ ಯಂತ್ರ ಬಂತು. ವಾಡಿ ಜಂಕ್ಷನ್ನಿನಲ್ಲಿ ಇಳಿಸಿಕೊಂಡು ಲಾರಿಯಲ್ಲಿ ಹುಲ್ಲು ಹಾಸಿ ತಂದೆವು. ಬಾಣಂತಿಯನ್ನು ಕರೆತರುವಾಗಲೂ ಅಷ್ಟು ನಿಧಾನವಾಗಿ ಗಾಡಿ ಓಡಿಸಿದವರಿಲ್ಲ. ಜೊತೆಗೆ ಒಂದು ಷರತ್ತೂ ಬಂತು. ಯಂತ್ರ ದಸರೆಯವರೆಗೆ ಪರೀಕ್ಷೆಗೆ ಮಾತ್ರ. ಹಬ್ಬ ಮುಗಿದ ಮೇಲೆ ಮ್ಯಾನೇಜರ್ ಕುಲಕರ್ಣಿ ಸಾಹೇಬರು ಎದುರು ನಿಂತು ನೋಡುತ್ತಾರೆ. ಗಾಳಿ ತಟ್ಟೆಯ ಕಾಲುವೆ ನಾವು ಹೇಳಿದ ಆಕಾರಕ್ಕೆ ಬಂದರೆ ಯಂತ್ರ ಉಳಿಯುತ್ತದೆ. ಬಾರದಿದ್ದರೆ ಯಂತ್ರ ವಾಪಸ್, ಕೊರೆಯುವ ವಿಭಾಗಕ್ಕೆ ಬೀಗ, ನಾವೆಲ್ಲ ಮಾಲಿನ ಪೆಟ್ಟಿಗೆ ಕಟ್ಟುವ ಗೋದಾಮಿಗೆ.

ಆ ಯಂತ್ರದ ಜೊತೆ ನಮ್ಮ ವಿಭಾಗಕ್ಕೆ ಬಂದವಳು ಸುಮಿತ್ರಾ. ಚಿಂಚೋಳಿ ತಾಲ್ಲೂಕಿನ ಸುಲೇಪೇಟದ ಹುಡುಗಿ, ಇಂಜಿನಿಯರಿಂಗ್ ಓದಿ ಇದೇ ಮೊದಲ ನೌಕರಿ. ಬಂದ ದಿನವೇ ಕುಲಕರ್ಣಿ ಸಾಹೇಬರಿಗೆ, "ಕೊರಿಯೋಕ್ಕಿಂತ ಮೊದಲ ತಳದ ಚಿತ್ರ ಬರದು ಕೊಡ್ತೀನ್ರಿ ಸರ್" ಎಂದುಬಿಟ್ಟಳು. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಆ ಮಾತು ನೆನಪಿಡ್ತೀನಿ" ಎಂದರು. ಅವಳ ನೌಕರಿ ಕಾಯಂ ಆಗುವುದೂ ಅದೇ ಪರೀಕ್ಷೆಯ ಮೇಲೆ ನಿಂತಿತು. ಆದರೆ ಅವಳ ಮಾತು ಕೇಳಿ ಆ ದಿನ ಅತಿ ಹೆಚ್ಚು ಖುಷಿಪಟ್ಟವನು ನಾನು. ಇಷ್ಟು ವರ್ಷ ನಾನು ಕೇಳಿಕೊಂಡು ತಿರುಗಿದ್ದ ಪ್ರಶ್ನೆಯನ್ನೇ ಈ ಹುಡುಗಿ ಉತ್ತರದಂತೆ ಹೇಳಿದ್ದಳು.

ಲೇಸರ್ ಎಂದರೆ ಚಾಕುವಿನ ಹಾಗೆ ನೆಟ್ಟಗೆ ಕೊರೆಯುತ್ತದೆ ಎಂದುಕೊಂಡಿದ್ದೆವು. ಹಾಗೇನಿಲ್ಲ. ಬೆಳಕಿನ ಒಂದು ಏಟು ಬಿದ್ದರೆ ಪ್ಲಾಸ್ಟಿಕ್ ಆವಿಯಾಗಿ ಹಾರಿ ಅಲ್ಲೊಂದು ಪುಟ್ಟ ಬೋಗುಣಿ ಉಳಿಯುತ್ತದೆ. ನಡುವೆ ಆಳ, ಸುತ್ತ ಇಳಿಜಾರು. ತಟ್ಟೆ ಸರಿದಂತೆ ಬೋಗುಣಿಯ ಮೇಲೆ ಬೋಗುಣಿ ಬಿದ್ದು ಕಾಲುವೆಯಾಗುತ್ತದೆ. ಸುಮಿತ್ರಾಳ ಲೆಕ್ಕ ಶುರುವಾದದ್ದು ಅಲ್ಲಿಂದ. "ಅಣ್ಣಾರ, ನನಗ ಒಂದು ಬೋಗುಣಿ ಬರೋಬ್ಬರಿ ಅಳದು ಕೊಡ್ರಿ. ಉಳಿದದ್ದು ಕೂಡಿಸಿ ಬರೀತೀನಿ" ಎಂದಳು.

ಬೋಗುಣಿಯನ್ನು ಅಳೆಯುವುದು ನನ್ನ ಪಾಲಿಗೆ ಬಂತು. ತಟ್ಟೆಯನ್ನು ಸರಿಯಾಗಿ ಬೋಗುಣಿಯ ನಡುವೆ ಅಡ್ಡ ಸೀಳಬೇಕು, ಸೀಳಿದ ಮುಖವನ್ನು ನೀರು ಹಾಕಿ ಉಜ್ಜಿ ನಯ ಮಾಡಬೇಕು, ಅಂಚು ಒಂದಿಷ್ಟೂ ಕರಗಬಾರದು. ಆಮೇಲೆ ನೆರಳು ಯಂತ್ರಕ್ಕೆ ಇಡಬೇಕು. ಅದು ವಸ್ತುವಿನ ಅಂಚಿನ ನೆರಳನ್ನು ಬಹಳ ದೊಡ್ಡದು ಮಾಡಿ ಗಾಜಿನ ಪರದೆಯ ಮೇಲೆ ಬೀಳಿಸುವ ಉಪಕರಣ. ನಾನು ಎಷ್ಟು ತಟ್ಟೆ ಕೆಡಿಸಿದೆನೋ ದೇವರಿಗೇ ಗೊತ್ತು. ಕೊನೆಗೆ ಪರದೆಯ ಮೇಲೆ ಬೋಗುಣಿಯ ನೆರಳು ಚೊಕ್ಕಟವಾಗಿ ಬಿದ್ದಾಗ ಮೇಸ್ತ್ರಿ ಮೀಸೆ ತಿರುವಿ, "ಇದು ನನ್ನ ಉಗುರಿಗೆ ಯಾವತ್ತೂ ಸಿಕ್ಕಿರಲಿಲ್ಲ ನೋಡಪಾ" ಎಂದರು.

ಅವಳ ಮೊದಲ ಚಿತ್ರಗಳು ತಪ್ಪಿದವು. ಅಕ್ಕಪಕ್ಕ ಕೊರೆದ ಕಾಲುವೆಗಳಲ್ಲಿ ಎರಡನೆಯದು ಯಾವಾಗಲೂ ಲೆಕ್ಕಕ್ಕಿಂತ ಆಳವಾಗುತ್ತಿತ್ತು. ಅವಳು ಕೂಡಿಸಿದ್ದನ್ನೇ ಮತ್ತೆ ಮತ್ತೆ ಕೂಡಿಸಿದಳು. ನಾನು ಹಳೆಯ ಮೇ ತಿಂಗಳನ್ನು ನೆನೆದು, ಮೊದಲನೆಯ ಕಾಲುವೆಯ ಬಿಸಿ ಇನ್ನೂ ಆರಿರುವುದಿಲ್ಲವಲ್ಲ ಎಂದೆ. ಅವಳು ಕೂಡಲೇ ಬಿಸಿ ಎಷ್ಟು ಹೊತ್ತಿಗೆ ಎಷ್ಟು ದೂರ ಹೋಗುತ್ತದೆ ಎಂಬ ಲೆಕ್ಕ ಹಾಕಿ, ಒಂದು ಸಾಲು ಬಿಟ್ಟು ಒಂದು ಸಾಲು ಕೊರೆದು ನಡುವಿನವನ್ನು ಆಮೇಲೆ ಕೊರೆಯುವಂತೆ ಕ್ರಮ ಬದಲಿಸಿದಳು. ಆಳ ಸಮ ಬಂತು. ಅವಳಿಲ್ಲದೆ ನನಗೆ ದೂರದ ಲೆಕ್ಕ ಬರುತ್ತಿರಲಿಲ್ಲ, ನಾನಿಲ್ಲದೆ ಅವಳಿಗೆ ಆ ಬಿಸಿ ಹೊಳೆಯಲು ಇನ್ನಷ್ಟು ದಿನ ಹಿಡಿಯುತ್ತಿತ್ತು.

ಇನ್ನೊಂದು ಜಗಳವನ್ನೂ ಹೇಳಬೇಕು. ಎರಡು ಕಾಲುವೆಗಳು ಒಂದನ್ನೊಂದು ದಾಟುವ ಕಡೆ ಆಳ ಇಮ್ಮಡಿಯಾಗುತ್ತದೆ ಎಂದು ನಾನು, ಆಗುವುದಿಲ್ಲ ಎಂದು ಅವಳು. ಎರಡು ಸಲ ಕೊರೆದರೆ ಎರಡರಷ್ಟು ಆಳ, ಇದಕ್ಕೆ ಇಂಜಿನಿಯರಿಂಗ್ ಬೇಕೇ ಎಂದು ನಾನು ಹಟ ಹಿಡಿದೆ. "ಎರಡನೇ ಸಲ ಬೆಳಕು ಬೀಳೋದು ಸಪಾಟ ಜಾಗದ ಮ್ಯಾಲ ಅಲ್ರಿ, ಇಳಿಜಾರಿನ ಮ್ಯಾಲ. ಸಂಜಿ ಬಿಸಿಲಿನಂಗ ಹರಡ್ಕೊಂಡು ತೆಳ್ಳಗ ಆಗ್ತದ" ಎಂದಳು. ಕೊರೆದು, ಸೀಳಿ, ನೆರಳು ನೋಡಿದೆವು. ಇಮ್ಮಡಿಗಿಂತ ಸಾಕಷ್ಟು ಕಡಿಮೆಯಿತ್ತು. ಇಡೀ ವಿಭಾಗಕ್ಕೆ ನಾನು ಚಹಾ ತರಿಸಬೇಕಾಯಿತು. ಸೋತು ಅಷ್ಟು ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ದಸರೆಗೆ ಮೊದಲು ಚಿತ್ರವೂ ಕಾಲುವೆಯೂ ಒಂದಕ್ಕೊಂದು ಕೂಡತೊಡಗಿದ್ದವು. ಹಬ್ಬ ಮುಗಿಸಿ ಕೆಲಸಕ್ಕೆ ಬಂದ ಬೆಳಿಗ್ಗೆ ಎಲ್ಲರೂ ಬನ್ನಿ ಎಲೆ ಕೊಟ್ಟು ಹಿರಿಯರ ಕಾಲಿಗೆ ಬಿದ್ದು ಎದ್ದೆವು. ಕುಲಕರ್ಣಿ ಸಾಹೇಬರು ಮಧ್ಯಾಹ್ನ ಬರುವವರಿದ್ದರು. ಕೈ ಸರಿಮಾಡಿಕೊಳ್ಳಲು ಒಂದು ತಟ್ಟೆ ಕೊರೆದು ಸೀಳಿ ನೆರಳಿಗೆ ಇಟ್ಟೆ.

ಕಾಲುವೆಯ ಆಕಾರ ಪೂರ್ತಿ ಕೆಟ್ಟಿತ್ತು. ಅಗಲವಾಗಿ, ಆಳವಿಲ್ಲದೆ, ಎರಡೂ ಪಕ್ಕದಲ್ಲಿ ಸಣ್ಣ ಗುಂಡಿಯ ಸಾಲು. ಇನ್ನೊಂದು ತಟ್ಟೆ ಕೊರೆದರೂ ಅಷ್ಟೇ. ಯಂತ್ರವೇ ಕೆಟ್ಟಿದೆ, ಇವತ್ತು ಪರೀಕ್ಷೆ ಬೇಡ ಎಂದು ಹೇಳೋಣ ಎಂದೆ.

ಸುಮಿತ್ರಾ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಹೇಳಿದಳು: "ಅಣ್ಣಾರ, ಎಡದಿಂದ ಬಲಕ್ಕ ಹೋಗೋ ಕಾಲುವೆ ಅಷ್ಟೇ ಕೆಟ್ಟಾವ. ಮುಂದಿಂದ ಹಿಂದಕ್ಕ ಹೋಗೋವು ಹೆಚ್ಚುಕಮ್ಮಿ ಸರಿ ಅವ. ಜರಾ ಒಂದೇ ಒಂದು ಏಟು ಬಿಡ್ರಿ."

ಬಿಟ್ಟೆ. ದುಂಡು ಬೋಗುಣಿಯ ಬದಲು ಮುಂದಕ್ಕೂ ಹಿಂದಕ್ಕೂ ಚಾಚಿದ ಗುರುತು ಬಂತು. ನಡುವೆ ಒಂದು ಗುಂಡಿ, ಅದರ ಮುಂದೊಂದು ಹಿಂದೊಂದು ಮರಿ ಗುಂಡಿ. ಅವಳು ಪೆನ್ಸಿಲ್ ತೆಗೆದುಕೊಂಡು ಕೂತಳು. ಇಲ್ಲಿಯವರೆಗೆ ಬೆಳಕಿನಿಂದ ಗುಂಡಿಯ ಲೆಕ್ಕ ಹಾಕುತ್ತಿದ್ದವಳು ಈಗ ಗುಂಡಿಯಿಂದ ಬೆಳಕಿನ ಲೆಕ್ಕಕ್ಕೆ ಹಿಂದಕ್ಕೆ ನಡೆದಳು. ನಾನು ಗಡಿಯಾರ ನೋಡುತ್ತಾ, ಅವಳನ್ನು ನೋಡುತ್ತಾ ನಿಂತೆ. ಕೊನೆಗೆ ತಲೆ ಎತ್ತಿದಳು.

"ಬೆಳಕಿನ ದಾರ್ಯಾಗ ಅಡ್ಡ ಗೆರಿ ಅವ. ಎಡದಿಂದ ಬಲಕ್ಕ, ಒಂದರ ಬಾಜೂಕ ಒಂದು, ಸಮನಾದ ಅಂತರದಾಗ. ಅದಕ್ಕೇ ಬೆಳಕು ಹಿಂದ ಮುಂದ ಚೆದರಾಕತ್ತದ. ಕನ್ನಡಿ ಇರೋ ಮುಚ್ಚಳ ತಗೀರಿ."

ಬೆಳಕನ್ನು ಕೆಳಕ್ಕೆ ತಿರುಗಿಸುವ ಲೋಹದ ಕನ್ನಡಿಯ ಮುಚ್ಚಳ ತೆಗೆದೆ. ಕನ್ನಡಿಯ ಮೇಲೆ, ಎಡದಿಂದ ಬಲಕ್ಕೆ, ಒಂದರ ಪಕ್ಕ ಒಂದು, ವಿಭೂತಿಯ ಮೂರು ಬೆರಳಿನ ಗೆರೆಗಳು.

ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದೆವು. ಹಬ್ಬದ ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ದಿನ ವಿಭಾಗದ ಯಂತ್ರಗಳಿಗೆಲ್ಲ ಪೂಜೆ ಮಾಡಿದವರು ಅವರೇ.

"ನಾನೇ ಹಚ್ಚೀನಿ" ಎಂದರು, ಮುಖ ಸಣ್ಣದಾಗಿತ್ತು. "ಎಲ್ಲಾ ಮಷೀನಿಗೂ ಹಚ್ಚಿದೆ. ಇದಕ್ಕ ಹಣಿ ಎಲ್ಲದ ಅಂತ ಭಾಳ ಹುಡುಕಿದೆ. ಮ್ಯಾಲಿನ ಡಬ್ಬಿಗಿ ಹಚ್ಚಾಕ ಮನಸ ಆಗಲಿಲ್ಲ. ಮುಚ್ಚಳ ತಗದ್ರ ಒಳಗ ಫಳಫಳ ಅಂತಿತ್ತು. ಇದೇ ಹಣಿ ಅಂದ್ಕೊಂಡೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸುಮಿತ್ರಾ ಮೇಸ್ತ್ರಿಯ ಹತ್ತಿರ ಹೋಗಿ, "ಕಾಕಾ, ಇದು ಹಣಿ ಅಲ್ರಿ, ಕಣ್ಣು. ಕಣ್ಣಿಗಿ ಯಾರರೆ ವಿಭೂತಿ ಹಚ್ತಾರೇನ್ರಿ?" ಎಂದಳು. ಮೇಸ್ತ್ರಿ ತಮ್ಮ ಗಟ್ಟಿ ಗಂಟಲಿನಲ್ಲಿ ನಕ್ಕರು. ಅವರ ಹಿಂದೆ ಇಡೀ ಕೋಣೆ ನಕ್ಕಿತು. ನಗುತ್ತಿದ್ದವರ ನಡುವೆ ನನಗೆ ಮೈ ಜುಮ್ಮೆಂದದ್ದು ಬೇರೆ ಕಾರಣಕ್ಕೆ. ಮುಚ್ಚಳ ತೆಗೆಯುವ ಮೊದಲೇ ಈ ಹುಡುಗಿ ಆ ಗೆರೆಗಳನ್ನು ಕಂಡಿದ್ದಳು.

ಬೂದಿ ಎಂದರೆ ಹರಳಿನ ಪುಡಿ. ಬಟ್ಟೆಯಲ್ಲಿ ತಿಕ್ಕಿದ್ದರೆ ಕನ್ನಡಿ ಗೀರಿಹೋಗುತ್ತಿತ್ತು. ರಬ್ಬರ್ ಬುರುಡೆಯಿಂದ ಗಾಳಿ ಊದಿ ಊದಿ ಹಾರಿಸಿದೆ. ಉಳಿದದ್ದನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿದ ಹತ್ತಿಯಿಂದ ತಾಗಿಯೂ ತಾಗದಂತೆ ತೆಗೆದೆ. ಮುಚ್ಚಳ ಹಾಕುವಾಗಲೇ ಹೊರಗೆ ಜೀಪು ನಿಂತ ಸದ್ದಾಯಿತು. ಇನ್ನೊಂದು ತಟ್ಟೆ ಕೊರೆದು ನೋಡುವ ಅವಕಾಶ ಸಿಗಲಿಲ್ಲ.

ಕುಲಕರ್ಣಿ ಸಾಹೇಬರು ಕೂರಲೂ ಇಲ್ಲ. ನಾವು ಅಭ್ಯಾಸ ಮಾಡಿದ ಯಾವ ಆಕಾರವೂ ಬೇಡ ಎಂದು ತಾವೇ ಒಂದು ಹೊಸ ಆಕಾರ ಹೇಳಿದರು. ಒತ್ತೊತ್ತಾಗಿ ಹೋಗುವ ಕಾಲುವೆಗಳು, ಅವುಗಳ ಮೇಲೆ ಅಡ್ಡಲಾಗಿ ಹಾಯುವ ಒಂದು ಕಾಲುವೆ. ಅಡ್ಡ ಕಾಲುವೆಯ ಉದ್ದಕ್ಕೇ ಸೀಳಿದರೆ ತಳ ಹೇಗೆ ಕಾಣುತ್ತದೆ ಎಂದು ಬರೆಯಬೇಕು. "ಮೊದಲ ಬರೀರಿ, ಆಮ್ಯಾಲ ಕೊರೀರಿ" ಎಂದರು. ಬಿಸಿ, ಇಳಿಜಾರು, ದಾಟು, ನಮ್ಮನ್ನು ಸೋಲಿಸಿದ್ದೆಲ್ಲವೂ ಆ ಒಂದೇ ಚಿತ್ರದಲ್ಲಿತ್ತು. ಸುಮಿತ್ರಾ ಲೆಕ್ಕ ಮಾಡಿ, ಪಾರದರ್ಶಕ ಕಾಗದದ ಮೇಲೆ, ನೆರಳು ಯಂತ್ರದ ಪರದೆಯ ಅಳತೆಗೆ ದೊಡ್ಡದು ಮಾಡಿ, ಅಲೆ ಅಲೆಯಾದ ಒಂದೇ ಗೆರೆ ಎಳೆದು ಕೊಟ್ಟಳು. ಸಾಹೇಬರು ಅದನ್ನು ಮಡಚದೆ ತಮ್ಮ ಫೈಲಿನೊಳಗಿಟ್ಟು ಕಂಕುಳಲ್ಲಿ ಹಿಡಿದರು. ಕೊರೆದು ಮುಗಿಯುವವರೆಗೂ ಕೊಡಲಿಲ್ಲ.

ಕೊರೆದೆವು. ಆಮೇಲೆ ಕೆಲಸ ನನ್ನ ಕೈಗೆ ಬಂತು. ಗರಗಸ ಹಿಡಿದಾಗ, ಇಲ್ಲಿ ನಾನು ಅಂಚು ಕರಗಿಸಿದರೆ ಇವಳ ಲೆಕ್ಕ ಸರಿಯಿದ್ದೂ ಸುಳ್ಳಾಗುತ್ತದಲ್ಲ ಎಂದುಕೊಂಡು ಮೆಲ್ಲಗೆ ಎಳೆದೆ. ಮೇಸ್ತ್ರಿ ಪಕ್ಕದಲ್ಲಿ ನಿಂತು ನೀರು ಬಿಡುತ್ತಾ ಹೋದರು. ಸೀಳಿದೆ. ಉಜ್ಜಿದೆ. ಮತ್ತೆ ಉಜ್ಜಿದೆ. ನೆರಳು ಯಂತ್ರದ ಮೇಲಿಟ್ಟು ದೀಪ ಹಾಕಿದೆ. ಪರದೆಯ ಮೇಲೆ ಕರಿ ನೆರಳು ಎದ್ದಿತು, ದಿಬ್ಬ, ಇಳಿಜಾರು, ಗುಂಡಿ, ಮತ್ತೆ ದಿಬ್ಬ.

ಕುಲಕರ್ಣಿ ಸಾಹೇಬರು ಫೈಲು ತೆರೆದು ಕಾಗದವನ್ನು ತಾವೇ ಪರದೆಯ ಮೇಲೆ ಹಚ್ಚಿದರು. ಸ್ವಲ್ಪ ಎಡಕ್ಕೆ ಸರಿಸಿದರು, ಸ್ವಲ್ಪ ಮೇಲಕ್ಕೆ. ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಹುಬ್ಬು ಗಂಟಾದದ್ದು ಕಂಡು ಸುಮಿತ್ರಾ ನನ್ನ ಅಂಗಿಯ ತೋಳು ಹಿಡಿದುಕೊಂಡಳು.

"ಏನಮ್ಮಾ, ನೀ ಬರದ ಗೆರಿ ಎಲ್ಲಿ ಹೋತು? ನನಗ ಬರೇ ನೆರಳಷ್ಟೇ ಕಾಣಾಕತ್ತದ."

ನಾನು ಮುಂದೆ ಹೋಗಿ ನೆರಳು ಯಂತ್ರದ ದೀಪ ಆರಿಸಿದೆ. ನೆರಳು ಹೋಯಿತು. ಬರೀ ಕಾಗದ ಉಳಿಯಿತು, ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಸುಮಿತ್ರಾಳ ಪೆನ್ಸಿಲ್ಲಿನ ಗೆರೆ.

"ಇನ್ನೊಮ್ಮೆ ದೀಪ ಹಚ್ರಿ" ಎಂದರು ಸಾಹೇಬರು.

ದೀಪ ಹಾಕಿದೆ. ನೆರಳಿನ ಅಂಚು ಬಂದು, ಕೂದಲೆಳೆಯಷ್ಟೂ ಆಚೀಚೆಯಾಗದೆ, ಗೆರೆಯ ಮೇಲೆಯೇ ಕೂತಿತು, ಗೆರೆ ಮತ್ತೆ ಕಾಣದಾಯಿತು.